ಫುಲ್ ಟ್ಯಾಂಕ್ ಕೇಳಿ ಕೊಂಡ ವ್ಯಾನು

ಕಳೆದ ವರ್ಷ ಹಳೆಯ ವ್ಯಾನೊಂದರ ಪೆಟ್ರೋಲ್ ಟ್ಯಾಂಕ್ ಬದಲಿಸಲು ಎಂಟು ಸಾವಿರ ರೂಪಾಯಿ ತೆತ್ತೆ. ವ್ಯಾನ್ ಕೊಳ್ಳುವಾಗ ಚೌಕಾಸಿ ಮಾಡಿ, ಪುಕ್ಕಟೆಯಾಗಿ ಟ್ಯಾಂಕ್ ತುಂಬಿಸಿಕೊಂಡಿದ್ದಕ್ಕೆ ಬಿದ್ದ ದಂಡ ಅದು.

ನಾನು ಹುಣಸೂರು ಕಡೆಯವಳು. ತಲೆ ಮೇಲೆ ಗಂಟು ಹೊತ್ತು ಸಂತೆಯಲ್ಲಿ ನೈಟಿ, ಲಂಗ ಮಾರುತ್ತಲೇ ಮೇಲೆ ಬಂದವಳು. ದೂರದ ಅಂತರಸಂತೆ ಊರಿನವರೆಗೂ ಸರಕು ಒಯ್ಯಲು ಗಾಡಿ ಬೇಕೆನಿಸಿ ಕೊಪ್ಪದಲ್ಲಿ ಒಬ್ಬರ ಬಳಿ ವ್ಯಾನ್ ನೋಡಿದೆ. ಟೈರು, ಸೀಟು, ಬಾಗಿಲು ಎಲ್ಲದರಲ್ಲೂ ಹುಳುಕು ತೆಗೆದು ರೇಟು ಇಳಿಸಿದೆ. ಕೊನೆಗೆ, "ಟ್ಯಾಂಕ್ ತುಂಬ್ಸಿಕೊಟ್ರೆ ಮಾತ್ರ ಕಣಣ್ಣ" ಎಂದೆ.

"ಅರ್ಧ ಸಾಕಲ್ಲಕ್ಕ?" ಎಂದು ಆತ ತಲೆ ಕೆರೆದುಕೊಂಡ. ಜಿಪುಣ ಎಂದುಕೊಂಡು ನಾನು ಪಟ್ಟು ಬಿಡಲಿಲ್ಲ. ನಮ್ಮೂರ ಹತ್ತಿರದ ಬಂಕಿನವರೆಗೂ ಅವನನ್ನು ಕರೆತಂದು ಬಾಯಿಮಟ್ಟ ತುಂಬಿಸಿಕೊಂಡೆ.

ಮನೆ ಮುಂದೆ ಜಾಗವಿಲ್ಲವೆಂದು ನಮ್ಮ ಯಜಮಾನರು ವ್ಯಾನನ್ನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಪಕ್ಕ ನಿಲ್ಲಿಸಿದರು. ಒಳಗೆ ವರ್ಷದ ಸೊಪ್ಪು ತುಂಬಿತ್ತು, ಬ್ಯಾರನ್ನಿನ ಆಚೆ ಬದಿಯಲ್ಲಿ ಒಲೆ ಉರಿಯುತ್ತಿತ್ತು. ಟೀ ಕುಡಿಯುವಷ್ಟರಲ್ಲಿ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಓಡಿಹೋಗಿ ನೋಡಿದರೆ ವ್ಯಾನಿನಡಿ ನೆಲ ಒದ್ದೆ.

ಅಷ್ಟರಲ್ಲಿ ಯಜಮಾನರ ಚಿಕ್ಕಪ್ಪ ಬಗ್ಗಿ, "ಎಲ್ಲಿ ಸೋರ್ತದೆ ನೋಡಾನ ತಡಿ, ಕತ್ಲೆ" ಎನ್ನುತ್ತಾ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ನಾನು ಕಿತ್ತುಕೊಂಡೆ.

"ಮಾವ, ನಿಮಗೇನು ಬುದ್ಧಿ ಇಲ್ವಾ?"

"ಒಂದೇ ಕಡ್ಡಿ ಕಣವ್ವ. ಅದ್ಕೂ ಚೌಕಾಸಿನಾ?"

ಪಕ್ಕದ ಮನೆಯವರು, "ಒಲೆಗೆ ನೀರು ಉಯ್ರಿ" ಎಂದರು. ಮಾವ, "ಸೊಪ್ಪು ಕೆಟ್ಟೋದ್ರೆ ನೀನು ಕೊಡ್ತೀಯೇನ್ಲಾ?" ಎಂದು ಅವರ ಮೇಲೆ ತಿರುಗಿಬಿದ್ದರು. ಇವರಿಬ್ಬರ ಜಗಳದ ನಡುವೆ ನಮ್ಮ ಯಜಮಾನರು ಸ್ಟಾರ್ಟ್ ಮಾಡಿ ತೆಗೆಯಲು ಸೀಟಿಗೆ ಹತ್ತಿದ್ದರು.

"ರೀ, ಕೀ ತಿರುಗಿಸ್ಬೇಡಿ. ಒಂದು ಕಿಡಿ ಸಾಕು. ಗೇರ್ ಬಿಡ್ಸಿ ಇಳೀರಿ. ಮಾತು ಆಮೇಲೆ ಆಡಾನ, ಮೊದ್ಲು ತಳ್ಳಿ ಎಲ್ಲಾರೂವೆ."

ತಳ್ಳುವಾಗಲೂ ಆ ಕಡೆ, ಈ ಕಡೆ ಎಂದು ವಾದ. ಅಂತೂ ಬಯಲಿಗೆ ತಳ್ಳಿ, ಒದ್ದೆ ನೆಲಕ್ಕೆಲ್ಲ ಮಣ್ಣು ಸುರಿದೆವು.

ಮಾರನೆಯ ದಿನ ಮೆಕ್ಯಾನಿಕ್ ಬಂದು ಪೆಟ್ರೋಲ್ ಹೊರಗೆ ತೆಗೆದು ಟ್ಯಾಂಕ್ ಬಿಚ್ಚಿದ. ಟ್ಯಾಂಕಿನ ಮೇಲರ್ಧದ ಬೆಸುಗೆ ಬಿಟ್ಟಿತ್ತು, ಸೋರದಿರಲೆಂದು ಅದರ ಮೇಲೆ ಬಟ್ಟೆ ಸೋಪು ಮೆತ್ತಿದ್ದರು. ಮಾರಿದವನಿಗೆ ಫೋನ್ ಮಾಡಿದರೆ, "ಅರ್ಧ ಸಾಕು ಅಂದೆನಲ್ಲಕ್ಕ. ನಾನು ಯಾವತ್ತೂ ಅದಕ್ಕಿಂತ ಜಾಸ್ತಿ ಹಾಕ್ಸಿಲ್ಲ" ಎಂದ. ಈಗಲೂ ಬ್ಯಾರನ್ ಒಲೆ ಹೊತ್ತಿಸಿದಾಗ ನನ್ನ ಮೂಗು ತಾನಾಗಿ ಪೆಟ್ರೋಲ್ ವಾಸನೆ ಹುಡುಕುತ್ತದೆ.

ಹಳೆಯ ಗಾಡಿ ಕೊಳ್ಳುವವರೇ, ಅನುಮಾನ ಬಂದರೆ ಕಡ್ಡಿ ಗೀರಬೇಡಿ, ಬೀಡಿ ಹಿಡಿದವರನ್ನು ಹತ್ತಿರ ಬಿಡಬೇಡಿ. ಇಂಜಿನ್ ತಣ್ಣಗಿರುವಾಗ, ಒಲೆಯಿಂದ ದೂರ ಬಯಲಲ್ಲಿ ಗಾಡಿ ನಿಲ್ಲಿಸಿ, ಅಡಿಯಲ್ಲಿ ಒಣ ರಟ್ಟು ಹಾಸಿಡಿ. ಬೆಳಿಗ್ಗೆ ರಟ್ಟಿನ ಮೇಲೆ ಕಲೆ ಇದ್ದರೆ, ವಾಸನೆ ಬಂದರೆ, ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ ಕರೆಸಿ. ಫುಲ್ ಟ್ಯಾಂಕ್ ಮಾತ್ರ ಖಂಡಿತ ಕೇಳಿ. ಆದರೆ ದುಡ್ಡು ಕೊಡುವ ಹಿಂದಿನ ದಿನ ಕೇಳಿ, ಆ ರಾತ್ರಿ ಗಾಡಿ ಮಾರುವವನ ಅಂಗಳದಲ್ಲೇ ನಿಂತಿರಲಿ.