ಇಪ್ಪತ್ತಾರನೇ ನಂಬರಿನ ಮುದ್ರೆ

ಬೆಳಿಗ್ಗೆ ಕಾರ್ಖಾನೆಯಲ್ಲಿ ಎಲ್ಲರೂ ಕೈಗವಸು ಹುಡುಕುವ ಹೊತ್ತಿಗೆ ಅಕ್ಕ ಒಂದು ಕೆಲಸ ಮುಗಿಸಿಯೇ ಬಿಟ್ಟಿರುತ್ತಾರೆ. ಎರಡು ರದ್ದಿ ಉಕ್ಕಿನ ಚೂರುಗಳನ್ನು ಜೋಡಿಸಿ ಬೆರಳುದ್ದ ಬೆಸುಗೆ ಹಾಕುತ್ತಾರೆ. ಆರಿದ ಮೇಲೆ ಸುತ್ತಿಗೆ ತೆಗೆದುಕೊಂಡು ತಾವೇ ಅದನ್ನು ಮುರಿಯುತ್ತಾರೆ. ಮುರಿದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಸಾಸಿವೆಯಷ್ಟು ತೂತೂ ಇಲ್ಲವೆಂದು ನೋಡಿ ಡಬ್ಬಿಗೆ ಹಾಕುತ್ತಾರೆ. ಹದಿನೆಂಟು ವರ್ಷದಿಂದ ಒಂದು ದಿನವೂ ಇದು ತಪ್ಪಿಲ್ಲ.

"ಬೆಸೆಯೋರನ್ನ ನೋಡಿದೀವಿ, ಬೆಸೆದು ಮುರಿಯೋರನ್ನ ಇಲ್ಲೇ ನೋಡಿದ್ದು" ಎಂದು ಹೊಸಬರು ಕಿಚಾಯಿಸುತ್ತಾರೆ.

"ನನ್ನ ಕೈ ಇವತ್ತು ಯಾವ ಮಗ್ಗುಲಲ್ಲಿ ಎದ್ದಿದೆ ಅಂತ ನಂಗೇ ಮೊದ್ಲು ಗೊತ್ತಾಗ್ಬೇಕಲ್ಲಪ್ಪ" ಎನ್ನುತ್ತಾರೆ ಅಕ್ಕ.

ಅಕ್ಕ ಬೆಸುಗೆ ಕಲಿತದ್ದು ಮಾವನ ಅಂಗಡಿಯಲ್ಲಿ, ಗೇಟು ಮತ್ತು ಕಿಟಕಿ ಸರಳುಗಳ ಮೇಲೆ. ಒಂದು ಗೇಟು ಮಾಡಿಸಲು ಬಂದ ಈ ಕಾರ್ಖಾನೆಯ ಮೇಸ್ತ್ರಿ ಅವರ ಕೈಯನ್ನು ನೋಡಿ ಕರೆದುಕೊಂಡು ಬಂದರು. ಮುಂದೆ ಕಾರ್ಖಾನೆಗೆ ಪುಟ್ಟ ಅಣು ವಿದ್ಯುತ್ ಸ್ಥಾವರಗಳ ಕೆಲಸ ಬಂತು. ಉದ್ದನೆಯ ಲಾರಿಯೊಂದರ ಮೇಲೆ ಸಾಗಿಸಬಹುದಾದಷ್ಟೇ ದೊಡ್ಡವು. ತಂತಿ ಎಳೆಯಲಾಗದ ಊರಿಗೆ ಒಯ್ದು ಇಳಿಸಿದರೆ ವರ್ಷಗಟ್ಟಲೆ ಹೊಸ ಇಂಧನ ತುಂಬದೆ ಕರೆಂಟು ಕೊಡುತ್ತವೆ ಎಂದು ಎಂಜಿನಿಯರುಗಳು ಹೇಳುತ್ತಿದ್ದರು. ಅದರ ಒಡಲು ದಪ್ಪ ಉಕ್ಕಿನದು. ಕೆಲಸಗಾರರ ಬಾಯಲ್ಲಿ ಅದು 'ಕೊಡ'. ಆಳೆತ್ತರದ ಉಕ್ಕಿನ ಬಳೆಗಳನ್ನು ಒಂದರ ಮೇಲೊಂದು ಬೆಸೆದರೆ ಕೊಡ ಆಗುತ್ತದೆ. ಬೆಸೆದವರು ಪಕ್ಕದಲ್ಲಿ ತಮ್ಮ ನಂಬರಿನ ಮುದ್ರೆ ಒತ್ತಬೇಕು. ಅಕ್ಕನದು ಇಪ್ಪತ್ತಾರು.

ಮನೆಯಲ್ಲಿ ಅತ್ತೆಗೆ ಇದೆಲ್ಲ ಹಿಡಿಸಲಿಲ್ಲ. "ಅಣು ಅಂದ್ರೆ ಬಾಂಬಲ್ವೇನೆ? ಮನೆ ಸೊಸೆ ಬಾಂಬಿಗೆ ಹೊಲಿಗೆ ಹಾಕ್ತಾಳೆ ಅಂತ ಯಾರ ಹತ್ರ ಹೇಳ್ಕೊಳ್ಲಿ?"

"ಒಲೆ ಅಂತ ಹೇಳಿ ಅತ್ತೆ. ನೀರು ಕಾಯ್ಸೋದೇ ಅದರ ಕೆಲಸ. ಹಬೆ ಚಕ್ರ ತಿರುಗಿಸತ್ತೆ, ಕರೆಂಟು ಬರತ್ತೆ."

"ನೀರು ಕಾಯ್ಸೋಕೆ ಇಷ್ಟೆಲ್ಲ ಯಾಕೆ? ನಾನು ದಿನಾ ಕಾಯ್ಸಲ್ವಾ?"

ಅಕ್ಕನಿಗೆ ಮಾತ್ರ ಯಾಕೆ ಎಂಬುದು ಗೊತ್ತಿತ್ತು. ಅವರ ತಂಗಿ ದೂರದ ಬೆಟ್ಟದೂರಿನ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಯ ಕರೆಂಟು ಡೀಸೆಲ್ ಯಂತ್ರದ್ದು. ದಾರಿ ಕುಸಿದರೆ ಟ್ಯಾಂಕರು ಬರುವುದಿಲ್ಲ. ಮೊದಲ ಕೊಡ ಹೋಗಬೇಕಾದದ್ದು ಅದೇ ಊರಿಗೆ.

ಆ ಕೊಡದ ಮೂರನೇ ಬಳೆಯಲ್ಲೇ ಎಡವಟ್ಟಾಯಿತು. ಅಕ್ಕ ಹಾಕಿದ ಬೆಸುಗೆಯ ಎಕ್ಸ್‌ರೇ ತೆಗೆದಾಗ ಒಂದು ಕಡೆ ಸಾಬೂನಿನ ನೊರೆಯಂತೆ ಸಣ್ಣ ಸಣ್ಣ ತೂತುಗಳು ಕಂಡವು. ಆ ಜಾಗವನ್ನು ಉಜ್ಜಿ ತೆಗೆದು ಮತ್ತೆ ತುಂಬಿದರು. ಮತ್ತೆ ತೂತುಗಳು. ಒಂದೇ ಜಾಗವನ್ನು ಎರಡು ಸಲ ಮಾತ್ರ ತೆಗೆದು ತುಂಬಬಹುದು ಎಂಬುದು ಅಲ್ಲಿಯ ಕಟ್ಟಳೆ. ಉಳಿದದ್ದು ಒಂದೇ ಸಲ. ಅದೂ ಕೆಟ್ಟರೆ ಬಳೆ ರದ್ದಿಗೆ ಹೋಗುತ್ತದೆ, ಇಪ್ಪತ್ತಾರನೇ ಮುದ್ರೆಯನ್ನು ಕಿತ್ತುಕೊಳ್ಳುತ್ತಾರೆ. ಅಕ್ಕ ಮತ್ತೆ ಗೇಟುಗಳಿಗೆ.

ಬೆಳಗಿನ ಚೂರು ಮುರಿದು ನೋಡಿದರೆ ಒಳಗೆಲ್ಲ ಚೊಕ್ಕ. ಕೈಯಲ್ಲಿ ದೋಷವಿಲ್ಲ. ಹಾಗಾದರೆ ಎಲ್ಲಿದೆ?

ಆ ಸಂಜೆ ತಂಗಿಯ ಫೋನು ಬಂತು. "ಟ್ಯಾಂಕರ್ ಬಂದು ನಾಲ್ಕು ದಿನ ಆಯ್ತು ಅಕ್ಕ. ಕರೆಂಟು ಹೋಗ್ತಾ ಬರ್ತಾ ಇದೆ. ಬಂದ ಕೂಡ್ಲೇ ಓಡಿ, ಹಸುಗೂಸುಗಳ ಬಿಸಿಪೆಟ್ಟಿಗೆ ಒಂದೊಂದರ ಮೇಲೂ ಕೈ ಇಟ್ಟು ನೋಡ್ತೀನಿ."

"ಯಾಕೆ, ತಾವೇ ಶುರುವಾಗಲ್ವಾ?"

"ಹಳೇವು ತಾವೇ ಶುರುವಾಗ್ತವೆ. ಹೊಸಾದಕ್ಕೆ ಗುಂಡಿ ಒತ್ತಬೇಕು. ಮರೆತ್ರೆ ಮುಗೀತು."

ಅಕ್ಕ ಫೋನು ಹಿಡಿದುಕೊಂಡೇ ಕುಳಿತುಬಿಟ್ಟರು. ವೆಲ್ಡಿಂಗ್ ರಾಡುಗಳನ್ನೂ ಬಿಸಿಪೆಟ್ಟಿಗೆಯಲ್ಲೇ ಇಡಬೇಕು. ತಣ್ಣಗಾದರೆ ಅವು ಗಾಳಿಯ ತೇವ ಹೀರುತ್ತವೆ, ಆ ತೇವವೇ ಬೆಸುಗೆಯೊಳಗೆ ತೂತಾಗುತ್ತದೆ. ಅವರಿಗೆ ಆ ತಿಂಗಳಷ್ಟೇ ಹೊಸ ಪೆಟ್ಟಿಗೆ ಕೊಟ್ಟಿದ್ದರು; ಬೆಳಿಗ್ಗೆ ಬಂದ ಕೂಡಲೇ ಅಕ್ಕ ಅದರ ಗುಂಡಿ ಒತ್ತುತ್ತಿದ್ದರು. ಆ ವಾರ ಮಧ್ಯಾಹ್ನವೆಲ್ಲ ಕಾರ್ಖಾನೆಯಲ್ಲೂ ಕರೆಂಟು ಹೋಗುತ್ತಿತ್ತು. "ದೀಪದ ಬುಡದಲ್ಲೇ ಕತ್ತಲೆ ನೋಡ್ರಪ್ಪ" ಎಂದು ಎಲ್ಲರೂ ನಕ್ಕಿದ್ದರು, ಅಕ್ಕನೂ ನಕ್ಕಿದ್ದರು. ಕರೆಂಟು ಬಂದಾಗ ಮತ್ತೆ ಒತ್ತಿರಲಿಲ್ಲ, ಪೆಟ್ಟಿಗೆಯ ಮೇಲೆ ಕೈ ಇಟ್ಟೂ ನೋಡಿರಲಿಲ್ಲ. ದಿನಾ ಬೆಳಿಗ್ಗೆ ತಮ್ಮ ಕೈಯನ್ನು ಪರೀಕ್ಷಿಸಿಕೊಂಡವರು, ಮಧ್ಯಾಹ್ನ ಪೆಟ್ಟಿಗೆಯನ್ನು ಸುಮ್ಮನೆ ನಂಬಿದ್ದರು.

ಮರುದಿನ ಹೋದವರೇ ರಿಜಿಸ್ಟರಿನಲ್ಲಿ ಬರೆದರು: ಕರೆಂಟು ಬಂದ ಮೇಲೆ ಗುಂಡಿ ಒತ್ತದೆ ತಣ್ಣನೆಯ ಪೆಟ್ಟಿಗೆಯ ರಾಡು ಬಳಸಿದ್ದೇನೆ, ತಪ್ಪು ನನ್ನದು, ಆ ಮಧ್ಯಾಹ್ನಗಳಲ್ಲಿ ನಾನು ಹಾಕಿದ್ದನ್ನೆಲ್ಲ ಇನ್ನೊಮ್ಮೆ ನೋಡಿ. ನೋಡಿದರು. ಬೇರೆಲ್ಲೂ ದೋಷವಿರಲಿಲ್ಲ. ಕೊನೆಯ ಸಲ ತುಂಬಲು ಅಪ್ಪಣೆಯಾಯಿತು.

ಅಕ್ಕ ಉಜ್ಜಿ ತೆಗೆದ ಜಾಗವನ್ನು ಕಾಯಿಸುತ್ತಾ ಕುಳಿತಿದ್ದಾಗ ಮೇಸ್ತ್ರಿ ಹತ್ತಿರ ಬಂದರು. ನಿವೃತ್ತಿಗೆ ಎರಡೇ ತಿಂಗಳಿತ್ತು ಅವರಿಗೆ. ಸ್ಟೂಲು ಎಳೆದುಕೊಂಡು ಕುಳಿತರು.

"ರಾತ್ರಿ ನಿದ್ದೆ ಮಾಡಿದ್ಯೇನಮ್ಮ?"

"ಮಾಡಿದೆ ಅಂತ ಅತ್ತೆಗೆ ಹೇಳಿದೀನಿ."

ಮೇಸ್ತ್ರಿ ನಕ್ಕರು. ಆಮೇಲೆ ದನಿ ತಗ್ಗಿಸಿದರು. "ನಾನೊಂದು ಮಾತು ಹೇಳ್ತೀನಿ, ಕೇಳು. ಇದನ್ನ ನಾನು ತುಂಬ್ತೀನಿ. ಮುಖಕವಚ ಹಾಕ್ಕೊಂಡ್ರೆ ಎಲ್ಲರೂ ಒಂದೇ ಥರ. ಮುದ್ರೆ ನಿಂದೇ ಇರ್ಲಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಆ ಕೈ ಎಂಥದೆಂದು ಅಕ್ಕನಿಗೆ ಗೊತ್ತು. ಮೂವತ್ತೈದು ವರ್ಷದಲ್ಲಿ ಒಂದೂ ಎಕ್ಸ್‌ರೇ ಕೆಟ್ಟಿರಲಿಲ್ಲ.

"ಬೇಡ ಮೇಸ್ತ್ರಿ."

"ಹಟ ಮಾಡ್ಬೇಡ. ನಿನ್ನ ಅನ್ನದ ಪ್ರಶ್ನೆ."

"ಹಟ ಅಲ್ಲ. ಇದು ಅಲ್ಲಿಗೆ ಹೋಗಿ ನಿಂತ ಮೇಲೆ ಯಾರಾದ್ರೂ ಇಪ್ಪತ್ತಾರು ಯಾರು ಅಂದ್ರೆ ನಾನು ಎದ್ದು ನಿಲ್ಬೇಕು. ನಿಮ್ಮ ಕೈ ಕೆಲಸಕ್ಕೆ ನಾನು ಹೇಗೆ ಉತ್ತರ ಹೇಳ್ಲಿ? ಯಾರೂ ಕೇಳ್ದೇ ಇದ್ರೂ, ಕೇಳೋನು ಒಬ್ಬ ಇದ್ದೇ ಇದ್ದಾನೆ."

"ಕೆಟ್ಟರೆ?"

"ಕೆಟ್ಟರೆ ಬಳೆ ರದ್ದಿಗೆ ಹೋಗ್ಲಿ. ಕೊಡದೊಳಗೆ ಹೋಗೋದು ಬೇಡ. ನನ್ನ ಗೇಟು ನಂಗಿದ್ದೇ ಇದೆ."

ಮೇಸ್ತ್ರಿ ಎದ್ದು ಸ್ಟೂಲನ್ನು ಬದಿಗೆ ಸರಿಸಿದರು. "ಹಾಗಾದ್ರೆ ನಿಂತ್ಕೊಂಡಾದ್ರೂ ನೋಡ್ಲಾ?"

"ನೋಡಿ. ಆದ್ರೆ ನನ್ನ ಬೆಳಕಿಗೆ ಅಡ್ಡ ಬರ್ಬೇಡಿ."

ಅಕ್ಕ ಎಡಗೈಯ ಗವಸು ಕಳಚಿ, ಅಂಗೈಯ ಹಿಂಬದಿಯನ್ನು ರಾಡಿನ ಪೆಟ್ಟಿಗೆಯ ಹತ್ತಿರ ಹಿಡಿದರು. ಬಿಸಿ ಸುಳಿಯಿತು. ಗವಸು ಹಾಕಿಕೊಂಡು, ಒಂದು ರಾಡು ತೆಗೆದು, ಮುಖಕವಚ ಕೆಳಗೆಳೆದುಕೊಂಡರು.