ಇಂಜಿನ್ ದೋಣಿಯ ಆರನೆಯ ಬೋಲ್ಟು

ವರದಾ ಹೊಳೆಯ ದಂಡೆಯಲ್ಲಿ ಒಂದು ಬೋಲ್ಟು ಮುರಿದು, ಆ ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟಿ, ಎರಡು ದಿನ ಗೌಡರ ಮನೆಯಲ್ಲಿ ಹೋಳಿಗೆ ಉಂಡವನು ನಾನು. ಹೋಳಿಗೆ ಬಹಳ ಚೆನ್ನಾಗಿದ್ದವು. ಅದನ್ನೂ ಮುಚ್ಚಿಡುವುದಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ತಿಳವಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಇಂಜಿನ್ ನಡೆಸುತ್ತಿದ್ದೆ. ಸವಣೂರಿನ ಒಬ್ಬ ಉಸ್ತಾದರ ಹತ್ತಿರ ಮೂರು ವರ್ಷ ಕೆಲಸ ಕಲಿತಿದ್ದೆ. ಇಪ್ಪತ್ತಾರು ವಯಸ್ಸು, ಮೈಯಲ್ಲಿ ಸೊಕ್ಕು, ಅಂಗಿಯ ಜೇಬಿನಲ್ಲಿ ಯಾವಾಗಲೂ ಬೋಲ್ಟು ಬಿಚ್ಚುವ ಒಂದು ಪಾನಾ. ಆ ಪಾನಾ ಕಂಡರೆ ಮಂದಿ ನನ್ನನ್ನು ಮಿಸ್ತ್ರಿ ಎನ್ನಲಿ ಎಂಬ ಆಸೆ.

ಹೊಳೆ ದಂಡೆಯ ಊರಿನ ಗೌಡರಿಗೆ ಒಂದು ದೊಡ್ಡ ದೋಣಿ ಇತ್ತು. ಅದನ್ನು ನಡೆಸುತ್ತಿದ್ದವನು ಒಬ್ಬ ಅಂಬಿಗ. ನನಗಿಂತ ಹತ್ತು ವರ್ಷ ದೊಡ್ಡವನು, ಮಾತು ಕಡಿಮೆ, ರಟ್ಟೆ ದಪ್ಪ. ಉದ್ದನೆಯ ಬಿದಿರು ಗಳ ಊರಿ ಆಚೆ ದಂಡೆಗೆ ಮಂದಿ, ಕುರಿ, ಕಾಳಿನ ಚೀಲ ಎಲ್ಲವನ್ನೂ ಸಾಗಿಸುತ್ತಿದ್ದ. ಗೌಡರು ಒಮ್ಮೆ ಕಾರವಾರದ ಕಡೆ ಹೋಗಿ ಬಂದವರು, ಅಲ್ಲಿ ಇಂಜಿನ್ ಹಚ್ಚಿದ ದೋಣಿ ನೋಡಿ ತಲೆ ಕೆಡಿಸಿಕೊಂಡರು. ಮೀನುಗಾರರು ಬೇಡವೆಂದು ಬಿಟ್ಟ ಒಂದು ಹಳೆಯ ಇಂಜಿನ್ನನ್ನು ಲಾರಿಯಲ್ಲಿ ಹೇರಿಸಿ ತಂದೇಬಿಟ್ಟರು. ಸೋಮವಾರ ತಾಲೂಕಿನ ಮಾಮಲೇದಾರರ ಕೈಯಿಂದ ಉದ್ಘಾಟನೆ ಎಂದು ಊರೆಲ್ಲ ಡಂಗುರ ಸಾರಿಸಿದರು. ಇಂಜಿನ್ ತಿರುಗುತ್ತದೋ ಇಲ್ಲವೋ ಎಂದು ನೋಡಲು ನನ್ನನ್ನು ಕರೆಸಿದ್ದು ಅದಾದ ಮೇಲೆ, ಅಂದರೆ ಗುರುವಾರ.

ಇಂಜಿನ್ನನ್ನು ದಂಡೆಯ ಮೇಲೆ, ಅಂಬಿಗನ ಗುಡಿಸಲಿನ ಮುಂದೆ ಇಳಿಸಿದ್ದರು. ಪೂಜಾರಪ್ಪ ಆಗಲೇ ಬಂದು ಅರಿಷಿಣ ಕುಂಕುಮ ಹಚ್ಚಿ, ಎಣ್ಣೆ ಹೊಯ್ಯುವ ಬಾಯಿಯ ಮೇಲೆ ತೆಂಗಿನಕಾಯಿ ಒಡೆದು, ಕಾಯಿನೀರನ್ನೆಲ್ಲ ಒಳಗೆ ಇಳಿಸಿ ಹೋಗಿದ್ದ. ಅದನ್ನು ಒರೆಸಲು ಒಳಗಿನ ಭಾಗ ಬಿಚ್ಚಲೇಬೇಕಾಯಿತು. ಇಂಜಿನ್ನಿನ ತಲೆಯ ಮುಚ್ಚಳಕ್ಕೆ ಆರು ಬೋಲ್ಟು. ಐದು ಬಂದವು. ಆರನೆಯದು ಸಮುದ್ರದ ಉಪ್ಪು ತಿಂದು ತಿಂದು ಕಲ್ಲಾಗಿತ್ತು.

ಉಸ್ತಾದರು ಕಲಿಸಿದ್ದು ನನಗೆ ಗೊತ್ತಿತ್ತು: ಎಣ್ಣೆ ಬಿಡು, ಕಾಯು, ಮೆಲ್ಲಗೆ ಬಡಿ, ಮತ್ತೆ ಕಾಯು. ಆದರೆ ಸುತ್ತಲೂ ಹತ್ತು ಮಂದಿ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದರು. ಕಾಯುವವನನ್ನು ಯಾರು ಮಿಸ್ತ್ರಿ ಎನ್ನುತ್ತಾರೆ? ಮಧ್ಯಾಹ್ನ ಅವರೆಲ್ಲ ಊಟಕ್ಕೆ ಹೋದಾಗ, ಬರುವುದರೊಳಗೆ ಬಿಚ್ಚಿ ತೋರಿಸಬೇಕೆಂದು ಪಾನಾದ ಹಿಡಿಗೆ ಮೂರು ಮೊಳದ ಕಬ್ಬಿಣದ ಪೈಪು ಸಿಕ್ಕಿಸಿ ಜೋತುಬಿದ್ದೆ. ಟಕ್ ಎಂದಿತು. ಬೋಲ್ಟಿನ ತಲೆ ಪಾನಾದ ಬಾಯಲ್ಲಿ, ಮೈ ಇಂಜಿನ್ನಿನ ಹೊಟ್ಟೆಯಲ್ಲಿ. ನಾನು ನೆಲದ ಮೇಲೆ.

ಗೌಡರು ಬಂದು ಬಗ್ಗಿ ನೋಡಿದರು. "ಇದೇನೋ ಮಿಸ್ತ್ರಿ?"

ಕೊನೆಗೂ ಮಿಸ್ತ್ರಿ ಎಂದರು. ಆ ಹೊತ್ತಿನಲ್ಲಿ ಹೌದು ನಾನೇ ಮುರಿದೆ ಎನ್ನಲು ನಾಲಿಗೆ ಏಳಲಿಲ್ಲ.

"ಮೊದಲ ಮುರದಿತ್ತರಿ. ನಾ ಕೈ ಹಚ್ಚಿದ್ದಷ್ಟ, ತಲಿ ಕೆಳಗ ಬಿತ್ತು."

ಇಂಜಿನ್ ಕೊಟ್ಟ ಸಮುದ್ರ ದಂಡೆಯವರನ್ನು ಬೈಯುತ್ತಾರೆ, ಅವರು ದೂರ ಇದ್ದಾರೆ, ಕೇಳಿಸುವುದಿಲ್ಲ ಎಂದುಕೊಂಡಿದ್ದೆ. ಗೌಡರು ಮಾತ್ರ ತಿರುಗಿ ಅಂಬಿಗನನ್ನು ನೋಡಿದರು. "ನಿನ್ನಿ ರಾತ್ರಿಯೆಲ್ಲಾ ಇಂಜಿನ್ ನಿನ್ನ ಗುಡಸಲ ಮುಂದ ಇತ್ತಲ್ಲೋ? ಇದು ಚಾಲೂ ಆದ್ರ ನಿನ್ನ ಗಳಕ್ಕ ಕೆಲಸ ಇಲ್ಲಂತ ಸುತ್ತಿಗಿ ಬಡದಿ, ಹೌದಿಲ್ಲೋ?"

"ನಾ ಮಂದಿನ ದಾಟಸಾಂವರಿ. ಅದನ್ನ ಮುಟ್ಟೂ ಇಲ್ಲ," ಎಂದ ಅಂಬಿಗ. ಅಷ್ಟೇ ಅಂದ. ಗೌಡರು ಅವನ ಕೈಯಿಂದ ಗಳ ಕಸಿದುಕೊಂಡು, ಇನ್ನು ದೋಣಿ ಮುಟ್ಟಬೇಡವೆಂದು ಅವನನ್ನು ಗುಡಿಸಲಿಗೆ ಕಳಿಸಿದರು. ನಾನು ಸುಮ್ಮನೆ ಪಾನಾ ಒರೆಸುತ್ತ ನಿಂತಿದ್ದೆ. ಅದು ಆಗಲೇ ಸ್ವಚ್ಛವಾಗಿತ್ತು.

ಗುರುವಾರ ಸಂಜೆ, ಶುಕ್ರವಾರ ಇಡೀ ದಿನ ಆ ಮುರುಕಿನ ಮೇಲೆ ಚಿಮಣಿಯ ಸೀಮೆಎಣ್ಣೆ ಹೊಯ್ದೆ. ಉಳಿಯಿಂದ ಅಂಚಿಗೆ ಬಡಿದು ತಿರುಗಿಸಲು ನೋಡಿದೆ. ಉಳಿ ಜಾರಿ ಇಂಜಿನ್ನಿಗೂ ನನ್ನ ಹೆಬ್ಬೆರಳಿಗೂ ಗಾಯವಾಯಿತು. ಆಚೆ ದಂಡೆಯಲ್ಲಿ ಮಂದಿ ನಿಂತು ಕೂಗುತ್ತಿದ್ದರು. ದಾಟಿಸುವವರಿಲ್ಲ. ಗೌಡರ ಬೀಗರೇ ಅರ್ಧ ದಿನ ಆಚೆ ಕುಳಿತು, ಬೈದು, ತಿರುಗಿ ಹೋದರು.

ಅಂಬಿಗ ಮಾತ್ರ ಶುಕ್ರವಾರದಿಂದ ಕಾಣಲಿಲ್ಲ. ತಪ್ಪು ಒಪ್ಪಿಕೊಂಡಂತೆ ಓಡಿಹೋದ ಎಂದು ಮಂದಿ ಅಂದರು. ನಾನೂ ಹೂಂ ಎಂದೆ. ಶನಿವಾರ ಬೆಳಿಗ್ಗೆ ಅವನು ಬಸ್ಸಿನಿಂದ ಇಳಿದ. ಹಿಂದೆ ಕಬ್ಬಿಣದ ಪೆಟ್ಟಿಗೆ ಹಿಡಿದು, ಬಾಯ್ತುಂಬ ಸವಣೂರ ವೀಳ್ಯದೆಲೆ ಜಗಿಯುತ್ತ ಇಳಿದವರು ನನ್ನ ಉಸ್ತಾದರು. ಅವರು ಎಷ್ಟೋ ಸಲ ಆ ದೋಣಿಯಲ್ಲಿ ಹೊಳೆ ದಾಟಿದವರಂತೆ; ಆ ಗುರುತಿನಿಂದಲೇ ಅಂಬಿಗ ಅವರನ್ನು ಕರೆತಂದಿದ್ದ.

ಉಸ್ತಾದರು ಕನ್ನಡಕ ಏರಿಸಿ, ಬಟ್ಟೆಯಿಂದ ಒರೆಸಿ ಬಹಳ ಹೊತ್ತು ನೋಡಿದರು.

"ಗೌಡ್ರ, ಹಳೇ ಮುರುಕಿದ್ರ ಒಳಗೆಲ್ಲಾ ತುಕ್ಕ ಹಿಡೀತಿತ್ತು. ಇದು ಬೆಳ್ಳಿ ಹಂಗ ಹೊಳ್ಯಾಕತ್ತೈತಿ. ಇಲ್ಲೇ ಮುರದೈತಿ."

"ನಾ ಹೇಳಲಿಲ್ಲ?" ಎಂದು ಗೌಡರು ಅಂಬಿಗನ ಕಡೆ ಬೆರಳು ಮಾಡಿದರು.

"ತಡೀರಿ ಗೌಡ್ರ. ಸುತ್ತಿಗಿಯಿಂದ ಬಡದ್ರ ಹಿಂಗ ಆಗೂದಿಲ್ಲ. ಇಲ್ಲಿ ನೋಡ್ರಿ, ಲೋಹ ಸುತ್ತಿಕೊಂಡ ಹರದೈತಿ. ಯಾವನೋ ಪಾನಾಕ್ಕ ಪೈಪ ಹಾಕಿ ತಿರುವ್ಯಾನ."

ನನ್ನ ಕಡೆ ನೋಡಲೂ ಇಲ್ಲ. "ಹೋಗಪಾ, ನೀರ ಕುಡದ ಬಾ," ಎಂದು ನನಗೆ ಅಂದರು.

ಹೊಳೆಗೆ ಹೋಗಿ ಬೊಗಸೆಯಲ್ಲಿ ನೀರೆತ್ತಿದೆ. ಓಡಿಹೋಗುವ ವಿಚಾರ ಬಂತು, ಸುಳ್ಳೇಕೆ ಹೇಳಲಿ. ಆದರೆ ತಿಳವಳ್ಳಿ ಇದ್ದದ್ದು ಆಚೆ ದಂಡೆಗೆ, ನನಗೆ ಈಜು ಬಾರದು, ನನ್ನನ್ನು ದಾಟಿಸಬಲ್ಲವನು ಊರಿಗೆಲ್ಲ ಒಬ್ಬನೇ. ತಿರುಗಿ ಬಂದೆ. "ನಾನ ಮುರದೇನ್ರಿ," ಎಂದೆ. ಸಣ್ಣ ದನಿ ಹೊರಟಿತು.

ಗೌಡರು ಬೈದದ್ದನ್ನು ಬರೆದರೆ ಕಾಗದ ನಾಚುತ್ತದೆ. ಅಂಬಿಗ ಬೈಯಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೋಮವಾರ ಮಂದಿ ಕೂಡ್ತೈತಿ. ಇದನ್ನ ಅವತ್ತ ಅನ್ನು. ಜೋರ ಅನ್ನು," ಎಂದ.

ನಂತರ ಕೆಲಸ ಶುರುವಾಯಿತು. ಮುರುಕಿನ ನಟ್ಟನಡುವೆ ಉಸ್ತಾದರು ಗುರುತು ಹೊಡೆದರು. ಎದೆಗೆ ಒತ್ತಿ ತಿರುಗಿಸುವ ಕೈ ಡ್ರಿಲ್ಲು ಕೊಟ್ಟರು. ನಾನು ಹತ್ತು ಸುತ್ತು ತಿರುಗಿಸುವುದರೊಳಗೆ ದಣಿದೆ. ಅಂಬಿಗ ಅದನ್ನು ಎದೆಗೆ ಒತ್ತಿಕೊಂಡು, ಹೊಳೆಯಲ್ಲಿ ಗಳ ಊರುವಷ್ಟೇ ಸಾವಕಾಶವಾಗಿ ತಿರುಗಿಸುತ್ತಲೇ ಇದ್ದ. ಮಧ್ಯಾಹ್ನದ ಹೊತ್ತಿಗೆ ಮುರುಕಿನೊಳಗೆ ನೆಟ್ಟಗೆ ಒಂದು ತೂತು ಬಿದ್ದಿತ್ತು. ಉಸ್ತಾದರು ಬೆಸುಗೆ ಹಾಕುವ ಉರಿದೀಪದಿಂದ ಸುತ್ತಲಿನ ಕಬ್ಬಿಣ ಕಾಯಿಸಿ, ಅಂಗಡಿಯಿಂದ ಮೇಣಬತ್ತಿ ತರಲು ಹೇಳಿದರು.

"ಮೇಣ ಯಾಕ? ದೇವರ ಮುಂದಿನ ತುಪ್ಪ ಐತಿ, ತರಸ್ಲೇನು?" ಎಂದರು ಗೌಡರು.

"ತುಪ್ಪ ನಿಮ್ಮ ಹೋಳಿಗಿಗೆ ಇಟಗೋರಿ. ದೇವರ ಕೆಲಸ ನೋಡೇವಲ್ಲ, ಒಳಗ ಕಾಯಿನೀರ ತುಂಬೈತಿ."

ಕಾದ ಕಬ್ಬಿಣಕ್ಕೆ ಮೇಣ ತಾಗಿಸಿದ್ದೇ ತಡ, ಕರಗಿ ಎಣ್ಣೆಯಂತೆ ಮುರುಕಿನ ಸುತ್ತ ಇಳಿದು ಮಾಯವಾಯಿತು. ಉಸ್ತಾದರು ತೂತಿಗೆ ಚೌಕನೆಯ ಉಕ್ಕಿನ ಸರಳು ಬಡಿದು ಕೂಡಿಸಿ, ಪಾನಾ ನನ್ನ ಕೈಗೆ ಕೊಟ್ಟರು. ನಾನು ಬಿಚ್ಚುವ ಕಡೆ ಎಳೆಯಹೋದೆ. ಕೈಮೇಲೆ ಪಟ್ಟನೆ ಏಟು ಬಿತ್ತು.

"ಮೊದಲ ಬಿಗಿ ಮಾಡು. ಕೂದಲದಷ್ಟ. ಈಗ ಬಿಚ್ಚು, ಕೂದಲದಷ್ಟ. ಮತ್ತ ಬಿಗಿ."

ಹಾಗೆ ಹಿಂದೆ ಮುಂದೆ ಆಡಿಸುತ್ತ ಎಷ್ಟು ಹೊತ್ತು ಹೋಯಿತೋ. ಒಮ್ಮೆ ಕಿರ್ ಎಂದಿತು. ಮತ್ತೆ ಮುರಿದೆನೆಂದುಕೊಂಡೆ. ಮುರಿದಿರಲಿಲ್ಲ, ತಿರುಗಿತ್ತು. ಒಂದೊಂದೇ ಸುತ್ತು ಬಂದು, ಕೊನೆಗೆ ಹೆಬ್ಬೆರಳುದ್ದದ ಆ ಕಪ್ಪು ತುಂಡು ನನ್ನ ಅಂಗೈಗೆ ಬಿದ್ದು ಚುರ್ ಎಂದು ಸುಟ್ಟಿತು. ಎಲ್ಲರೂ ಹೋ ಎಂದರು. ಅಂಬಿಗ ಮೊದಲ ಸಲ ನಕ್ಕ. ಬೋಲ್ಟು ಬಂದದ್ದಕ್ಕೋ ನನ್ನ ಕೈ ಸುಟ್ಟದ್ದಕ್ಕೋ ತಿಳಿಯಲಿಲ್ಲ.

ಭಾನುವಾರ ಒಳಗಿನ ನೀರು ಒರೆಸಿ, ಹೊಸ ಬೋಲ್ಟು ಹಾಕಿ, ಇಂಜಿನ್ನನ್ನು ದೋಣಿಗೆ ಕೂಡಿಸಿದೆವು. ಸೋಮವಾರ ಮಂದಿ ಜಾತ್ರೆಯ ಹಾಗೆ ಕೂಡಿತ್ತು. ಮಾಮಲೇದಾರರು ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಹಾರ ತುರಾಯಿ ಮುಗಿದ ಮೇಲೆ ಅಂಬಿಗ ನನ್ನ ಬೆನ್ನಿಗೆ ಬೆರಳು ಚುಚ್ಚಿದ. ನಾನು ಮುಂದೆ ಹೋಗಿ, ಬೋಲ್ಟು ಮುರಿದವನು ನಾನು, ಇವನಲ್ಲ ಎಂದು ಕೂಗಿದೆ. ಏನೂ ತಿಳಿಯದ ಮಾಮಲೇದಾರರು ಅದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು. ಮಂದಿಯೂ ತಟ್ಟಿತು. ಅಷ್ಟು ಅವಮಾನ ಬೈಗುಳದಿಂದಲೂ ಆಗಿರಲಿಲ್ಲ.

ಇಂಜಿನ್ ಚಾಲೂ ಆಗಿ ಮೊದಲ ಹೊಗೆ ಆ ಬಿಳಿ ಪ್ಯಾಂಟಿನ ಮೇಲೆ ಕಾರಿತು. ದೋಣಿ ಬಾಣದಂತೆ ಹೋಗಿ ಆಚೆ ದಂಡೆಯ ಕೆಸರಿನಲ್ಲಿ ಮೂಗು ಹೂತು ನಿಂತಿತು. ಅಂಬಿಗ ಗಳ ಊರಿ ಹಿಂದಕ್ಕೆ ತಂದ. ಅವತ್ತೇ ಗೌಡರು ಇಂಜಿನ್ನನ್ನೂ ಅವನಿಗೇ ಒಪ್ಪಿಸಿದರು. ಅವನಿಗೆ ಕಲಿಸಲು ನನ್ನನ್ನು ಒಂದು ವಾರ ಇರಿಸಿಕೊಂಡರು. ನಾಲ್ಕನೆಯ ದಿನ ಅವನೇ ನನ್ನ ತಪ್ಪು ತಿದ್ದತೊಡಗಿದ್ದ. ಹೋಳಿಗೆ ಮಾತ್ರ ನನಗೆ ಮತ್ತೆ ಬಡಿಸಲಿಲ್ಲ.

ಕೆಲವು ವರ್ಷಗಳಲ್ಲಿ ಸೇತುವೆಯಾಯಿತು. ದೋಣಿ ದಂಡೆಯ ಮೇಲೆ ಒಣಗಿತು. ಇಂಜಿನ್ ಸವಣೂರಿನ ಎಲೆಬಳ್ಳಿ ತೋಟವೊಂದಕ್ಕೆ ನೀರೆತ್ತಲು ಹೋಯಿತು, ಅದರ ಹಿಂದೆ ಅಂಬಿಗನೂ ಹೋದ. ಶಿಗ್ಗಾವಿ, ಹಿರೇಕೆರೂರಿನ ಕಡೆಯವರೂ ಬಂದು ಇಂಜಿನ್ ರಿಪೇರಿಗೆ ಅವನನ್ನು ಕರೆದೊಯ್ಯುತ್ತಿದ್ದರಂತೆ. ಅರವತ್ತರ ದಶಕದ ನಡುವೆ ಒಮ್ಮೆ ಹಿರೇಬೆಂಡಿಗೇರಿಯ ಹೊಲವೊಂದರಲ್ಲಿ ಪಂಪಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಾಗ ಸಿಕ್ಕ. ಮುಖವೆಲ್ಲ ಎಣ್ಣೆ. ಚಹಾ ತರಿಸಿದ. ಹೊಳೆ ಬಿಟ್ಟು ಬಂದದ್ದಕ್ಕೆ ಬೇಸರವಿಲ್ಲವೇ ಎಂದು ಕೇಳಿದೆ.

"ಹೊಳ್ಯಾಗ ಬ್ಯಾಸಗಿಗೆ ನೀರ ಇರೂದಿಲ್ಲ, ಅವಾಗ ನನಗ ಕೆಲಸ ಇರ್ತಿರಲಿಲ್ಲ," ಎಂದ. "ಈ ಮಂದಿ ಹನ್ನೆರಡೂ ತಿಂಗಳ ಏನರ ಒಂದ ಕೆಡಸ್ತಾರ."

ಬಸಿಯಲ್ಲಿ ಚಹಾ ಹೊಯ್ದು ನನ್ನ ಕಡೆ ಸರಿಸಿದ.