ಸುಲ್ತಾನನ ಹೊಟ್ಟೆ, ವಿಭಾವರಿಯ ಪಿಎಚ್.ಡಿ.

ಕೊಲ್ಕತ್ತದ ಲೇಕ್ ಗಾರ್ಡನ್ಸ್‌ನಲ್ಲಿದ್ದ ವಿಭಾವರಿ ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತ, ರೇಸಿನಿಂದ ನಿವೃತ್ತನಾದ ಸುಲ್ತಾನ ಎಂಬ ಕುದುರೆಯನ್ನೂ ಸಾಕಿಕೊಂಡಿದ್ದಳು. ಎರಡನ್ನೂ ತೂಗಿಸಲು ಗೋಡೆಯ ಮೇಲೆ ಬಣ್ಣಬಣ್ಣದ ವೇಳಾಪಟ್ಟಿ ಅಂಟಿಸಿದ್ದಳು. ಕುದುರೆ ಅದನ್ನು ಓದಿರಲಿಲ್ಲ.

“ಮದುವಿ ಮಾಡ್ಕೋ ಅಂದ್ರ ಟೈಮಿಲ್ಲಂತಿ, ಕುದರಿ ಲದ್ದಿ ಬಳಿಯಾಕ ಟೈಮ್ ಐತೇನ?” ಎಂದು ಧಾರವಾಡದ ತಾಯಿ ಚೆನ್ನಮ್ಮ ಕೇಳುತ್ತಿದ್ದರು.

ಪಿಎಚ್.ಡಿ.ಯ ವಾರ್ಷಿಕ ಪರಿಶೀಲನೆಯ ದಿನವೇ ಖಿದಿರ್‌ಪುರದ ಲಾಯದಲ್ಲಿ ಸುಲ್ತಾನನಿಗೆ ಹೊಟ್ಟೆ ಕಟ್ಟಿತು. ಮಲಗಿ ಹೊರಳಿದರೆ ಕರುಳು ತಿರುಚಿಕೊಂಡು ಜೀವಕ್ಕೇ ಕುತ್ತು, ಲದ್ದಿ ಹಾಕುವವರೆಗೆ ನಡೆಸುತ್ತಲೇ ಇರಿ ಎಂದು ಡಾಕ್ಟರು ಹೇಳಿಹೋದರು. ಪರಿಶೀಲನೆ ತಪ್ಪಿಸಿಕೊಂಡರೆ ಒಂದು ವರ್ಷ ಹಾಳು. ವಿಭಾವರಿ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಫೋನು ಹಿಡಿದು, ನಡೆಯುತ್ತಲೇ ವಿಡಿಯೊ ಕರೆಯಲ್ಲಿ ಸಮಿತಿಯ ಮುಂದೆ ಹಾಜರಾದಳು.

ತಮ್ಮ ಕಾಲದಲ್ಲಿ ಸಂಶೋಧನೆಯೆಂದರೆ ತಪಸ್ಸಾಗಿತ್ತೆಂದು ಗೈಡ್ ಭಾದುರಿಯವರು ವಿವರಿಸುತ್ತಿದ್ದಾಗ ಹಿಂದಿನಿಂದ ಧಪಧಪನೆ ಸದ್ದಾಯಿತು.

“ಹಾಕಿದಾ! ಲದ್ದಿ ಹಾಕಿದಾ!” ವಿಭಾವರಿ ಕನ್ನಡದಲ್ಲೇ ಕಿರುಚಿದಳು. ಆಮೇಲೆ ನಡೆದದ್ದನ್ನು ಇಂಗ್ಲಿಷಿನಲ್ಲಿ ಒಪ್ಪಿಸಿ, ತನ್ನ ಕಥೆ ಮುಗಿಯಿತೆಂದು ಕಾದಳು.

ಭಾದುರಿಯವರ ಮುಖ ಮೆತ್ತಗಾಯಿತು. ಕೊಲ್ಕತ್ತದಲ್ಲಿ ಹೊಟ್ಟೆಯ ತೊಂದರೆಗಿಂತ ಘನವಾದ ಕಾರಣವಿಲ್ಲ.

“ಅರೇ ಬಾಬಾ, ಹೊಟ್ಟೆ ವಿಷಯ ಅಂತ ಮೊದಲೇ ಹೇಳಬಾರದಿತ್ತಾ? ಗಟ್ಟಿಯಾಗಿದೆಯೋ, ತೆಳುವೋ?”

ಉಳಿದ ಸಮಯವನ್ನೆಲ್ಲ ಸಮಿತಿ ಹೊಟ್ಟೆ ಸಡಿಲಿಸುವ ಇಸಬ್‌ಗೋಲಿನ ಗುಣಗಳಿಗೆ ಮೀಸಲಿಟ್ಟಿತು. ಪ್ರಬಂಧದ ಎರಡನೆಯ ಅಧ್ಯಾಯವನ್ನು ಮುಂದಿನ ತಿಂಗಳು ತೋರಿಸಿದರೆ ಸಾಕೆಂದು ಅವಳ ವರ್ಷವನ್ನೂ ಉಳಿಸಿಕೊಟ್ಟಿತು. ವಿಭಾವರಿ ಫೋನು ಜೇಬಿಗಿಳಿಸಿ, ಸುಲ್ತಾನನನ್ನು ಇನ್ನೊಂದು ಸುತ್ತು ನಡೆಸಿದಳು.